ಕೀಲಿ ಕೊಟ್ಟರೆ ಹಾಡುತ್ತಿದ್ದ ಸಾಂದ್ರೊ

ನಮ್ಮ ಕಾಲದಲ್ಲಿ ಹಾಡು ಕೇಳಬೇಕಾದರೆ ಮೊದಲು ಪೆಟ್ಟಿಗೆಗೆ ಕೀಲಿ ಕೊಡಬೇಕಿತ್ತು. ಮಂಗಳೂರಿನ ಆಚೆಯ ನಮ್ಮ ಹಳ್ಳಿಯಲ್ಲಿ ಅಂಥ ಗ್ರಾಮಫೋನು ಇದ್ದದ್ದು ಇಗರ್ಜಿಯ ಪಾದ್ರಿಗಳ ಹತ್ತಿರ ಮಾತ್ರ. ಅವರು ಇಟಲಿಯವರು, ಮುದುಕರು.

ರಿಯಾ, ಮೊನ್ನೆ ಆನ್‌ಲೈನ್ ಸಂಗೀತ ಪರೀಕ್ಷೆಯಲ್ಲಿ ನಿನ್ನ ದನಿ ಒಡೆಯಿತು. ನೀನು ಕ್ಯಾಮೆರಾ ಮುಚ್ಚಿ, "ಐ ವೋಂಟ್ ಸಿಂಗ್ ಎಗೇನ್ ಲಾ, ಅಜ್ಜಿ" ಎಂದೆ. ಆಗ ಇದನ್ನೆಲ್ಲ ಬಾಯಿಬಿಟ್ಟು ಹೇಳಲು ನನಗೆ ಸಂಕೋಚವಾಯಿತು. ಅದಕ್ಕೆ ಬರೆಯುತ್ತಿದ್ದೇನೆ. ನಿನಗೂ ನಿನ್ನ ತಮ್ಮ ಆರನ್‌ಗೂ ಅಪ್ಪ ಓದಿ ಹೇಳಲಿ.

ಮೊಂತಿ ಹಬ್ಬವೆಂದರೆ ಮಾತೆ ಮರಿಯಮ್ಮನ ಹುಟ್ಟಿದ ದಿನ, ನಮಗೆ ಹೊಸ ತೆನೆಯ ಹಬ್ಬವೂ ಹೌದು. ಅದಕ್ಕೆ ಮುಂಚೆ ಒಂಬತ್ತು ದಿನ ನಾವು ಮಕ್ಕಳು ತಟ್ಟೆ ತುಂಬ ಹೂ ಕೊಯ್ದು ಇಗರ್ಜಿಗೆ ಒಯ್ಯುತ್ತಿದ್ದೆವು. ಹೂ ಹಾಕಿದ ಮೇಲೆ ಪಾದ್ರಿಗಳು ನಮ್ಮನ್ನು ತಮ್ಮ ಜಗಲಿಯಲ್ಲಿ ಕೂರಿಸಿ, ಹುರಿಗಡಲೆ ಕೊಟ್ಟು, ಪೆಟ್ಟಿಗೆಗೆ ಕೀಲಿ ತಿರುಗಿಸುತ್ತಿದ್ದರು. ಮುಳ್ಳು ಕರಕರ ಎನ್ನುತ್ತಿತ್ತು. ಆಮೇಲೆ ಪಾದ್ರಿಗಳ ಚುಟ್ಟಾ ಹೊಗೆಯ ನಡುವೆ ಒಬ್ಬ ಗಂಡಸಿನ ದನಿ ಏಳುತ್ತಿತ್ತು, ಮಾಡಿನ ಹಂಚು ಎತ್ತಿಬಿಡುವ ಹಾಗೆ.

"ಇವ ಸಾಂದ್ರೊ. ನಮ್ಮ ಬೀದಿಯ ರೊಟ್ಟಿಯಂಗಡಿಯವನ ಮಗ," ಎನ್ನುತ್ತಿದ್ದರು ಪಾದ್ರಿಗಳು. ಸಾಂದ್ರೊ ಹಿಟ್ಟು ನಾದುತ್ತಾ ಹಾಡು ಕಲಿತವನು. ಸ್ವಂತ ಊರಿನ ನಾಟಕಶಾಲೆಯಲ್ಲಿ ಮೊದಲ ಸಲ ನಿಂತಾಗ ದನಿ ಒಡೆದು, ಜನ ಶಿಳ್ಳೆ ಹಾಕಿದರಂತೆ. ಅವನು ವಾದ್ಯದವರ ಕಡೆ ತಿರುಗಿ, "ಮೊದಲಿನಿಂದ" ಎಂದನಂತೆ. ಮುಂದೆ ಹಡಗು ಹತ್ತಿ ಲಂಡನ್, ನ್ಯೂಯಾರ್ಕ್, ಬ್ಯೂನಸ್ ಐರಿಸ್‌ಗಳಲ್ಲೆಲ್ಲ ಹಾಡಿದ. "ದೊಡ್ಡವನಾದ ಮೇಲೂ ದನಿ ಒಡೀತಿತ್ತಾ?" ಎಂದು ನನ್ನ ಗೆಳತಿ ಕೇಳಿದರೆ, "ಒಡೀತಿತ್ತು. ಅವ ನಿಲ್ಲಿಸ್ತಿರಲಿಲ್ಲ" ಎಂದರು.

ಹಾಡಿನ ಅರ್ಥವನ್ನು ಮಾತ್ರ ನಾವು ಕೇಳಲಿಲ್ಲ. ಆಗ ಪೂಜೆಯೆಲ್ಲ ಲ್ಯಾಟಿನ್ ಭಾಷೆಯಲ್ಲಿ. ಪಾದ್ರಿಗಳ ಕಡೆಯಿಂದ ಬರುವ ತಿಳಿಯದ ಮಾತೆಲ್ಲ ನಮಗೆ ಪ್ರಾರ್ಥನೆಯೇ. ಪ್ರಾರ್ಥನೆಗೆ ಅರ್ಥ ಕೇಳುವ ರೂಢಿ ನಮ್ಮಲ್ಲಿರಲಿಲ್ಲ. ಇಗರ್ಜಿ ಪಕ್ಕದ ನಮ್ಮ ಮನೆಗೆ ಸಾಂದ್ರೊನ ದನಿ ಕೇಳಿಸಿದರೆ, ನನ್ನ ಅಜ್ಜಿ ತೆಂಗಿನಕಾಯಿ ತುರಿಯುವುದನ್ನು ಬಿಟ್ಟು, ತಲೆಗೆ ಸೆರಗು ಹೊದ್ದು ಶಿಲುಬೆ ಗುರುತು ಹಾಕುತ್ತಿದ್ದಳು.

ಒಂದು ವರ್ಷದ ಮಳೆಗಾಲದಲ್ಲಿ ನನಗೆ ನಾಯಿಕೆಮ್ಮು ಬಂದು ಬದುಕಿದ್ದೇ ಹೆಚ್ಚು. ಉಸಿರು ತಿರುಗಿ ಬಂದರೆ ಮಗು ಹಬ್ಬದ ದಿನ ಮರಿಯಮ್ಮನೆದುರು ಒಬ್ಬಳೇ ಹಾಡುತ್ತಾಳೆ ಎಂದು ಅಜ್ಜಿ ಹರಕೆ ಹೊತ್ತಿದ್ದಳು. ಶಾಲೆಯಲ್ಲಿ ಹಾಜರಿ ಕೂಗಿದರೂ ಉತ್ತರ ಕೊಡದ ಹುಡುಗಿ ನಾನು.

"ನನ್ನಿಂದ ಆಗುದಿಲ್ಲ ಅಜ್ಜೀ."

"ಕೆಮ್ಮಲಿಕ್ಕೆ ಊರೆಲ್ಲ ಕೇಳುವಷ್ಟು ದನಿ ಇತ್ತಲ್ಲ? ಪಾದ್ರಿಗಳ ಪೆಟ್ಟಿಗೆಯ ಆ ಪ್ರಾರ್ಥನೆಯನ್ನೇ ಹಾಡು. ಮಾತೆಗೆ ಹೇಳಿದ ಮಾತು ತಪ್ಪಿಸಬೇಡ ಮಾರಾಯ್ತಿ."

ಬೇಲಿಯ ಬಳಿ ನಿಂತು, ದಿನಾ ಕಿವಿಯಿಂದಲೇ ಅದನ್ನು ಕಲಿತೆ.

ಹಬ್ಬದ ಬೆಳಿಗ್ಗೆ ಇಗರ್ಜಿಯಲ್ಲಿ ಹಸಿ ತೆನೆಯ, ಬಾಡಿದ ಗೋರಟೆ ಹೂವಿನ ವಾಸನೆ. ಪೂಜೆ ಮುಗಿದು ನನ್ನನ್ನು ಮುಂದೆ ನಿಲ್ಲಿಸಿದರು. ಮೊದಲ ಸಾಲಿಗೇ ದನಿ ಒಡೆಯಿತು. ಯಾರೋ ಕಿಸಕ್ಕೆಂದರು. ಅಜ್ಜಿಯ ಮುಖ ನೋಡಲಾಗಲಿಲ್ಲ. ಓಡಿಹೋಗಲು ಬಾಗಿಲು ನೋಡಿದೆ. ಆಗ ಆ ರೊಟ್ಟಿಯಂಗಡಿಯ ಹುಡುಗ ನೆನಪಾದ. ಲಂಗ ಹಿಡಿದುಕೊಂಡು ಮೊದಲಿನಿಂದ ಶುರು ಮಾಡಿದೆ.

ಅಜ್ಜಿ ಮೊಣಕಾಲೂರಿದಳು. ಅವಳನ್ನು ನೋಡಿ ಊರಿಗೆ ಊರೇ ಮೊಣಕಾಲೂರಿತು. ಪಾದ್ರಿಗಳ ಕಿವಿ ಕೆಂಪಾಯಿತು. ಸ್ವಲ್ಪ ಹೊತ್ತು ನಿಂತೇ ಇದ್ದವರು ಕೊನೆಗೆ ತಾವೂ ಮೊಣಕಾಲೂರಿದರು. ನಾನು ಕೊನೆಯ ಎತ್ತರದ ಸ್ವರದವರೆಗೂ ಹಾಡಿದೆ.

ಹೊರಗೆ ಹೂ ತಂದ ಮಕ್ಕಳಿಗೆ ಕಬ್ಬು ಹಂಚುವಾಗ ಪಾದ್ರಿಗಳು ನನಗೆ ಉದ್ದದ ಜಲ್ಲೆಯನ್ನೇ ಆರಿಸಿ ಕೊಟ್ಟರು.

"ಅದು ಯಾವ ಸಂತರ ಪ್ರಾರ್ಥನೆ, ಫಾದರ್?" ಎಂದು ಅಜ್ಜಿ ಕೇಳಿದಳು.

ಅವರು ಸುಳ್ಳು ಹೇಳುವವರಲ್ಲ. "ಪ್ರಾರ್ಥನೆ ಅಲ್ಲಮ್ಮ. ಒಬ್ಬ ಹುಡುಗ ಹುಡುಗಿಯ ಮನೆ ಮುಂದೆ ನಿಂತು, ಬಾಗಿಲು ತೆಗೆ, ಬಾಗಿಲು ತೆಗೆ ಅಂತ ಬೇಡುವುದು."

ಅಜ್ಜಿ ಸೆರಗು ಸರಿಮಾಡಿಕೊಂಡಳು. "ನಾವು ಇಷ್ಟು ವರ್ಷದಿಂದ ಮಾತೆಯ ಹತ್ತಿರ ಬೇಡುವುದು ಮತ್ತೆಂತ?" ಎಂದಳು. ಪಾದ್ರಿಗಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಈಗ ಅಜ್ಜಿಯೂ ಇಲ್ಲ, ಪಾದ್ರಿಗಳೂ ಇಲ್ಲ. ಗ್ರಾಮಫೋನಿನ ಆ ಹಾಡಿನ ತಟ್ಟೆ ಎಲ್ಲಿ ಒಡೆಯಿತೋ. ನಿಮ್ಮಜ್ಜ ಬದುಕಿದ್ದ ತನಕ ಅಡುಗೆಮನೆಯಲ್ಲಿ ಆ ಹಾಡು ಗುನುಗುತ್ತಿದ್ದೆ. ಅವರು ಹೋದ ಮೇಲೆ ಅದನ್ನೂ ಬಿಟ್ಟೆ. ನಿಮ್ಮನ್ನು ನೋಡಲು ಕಡಲಾಚೆಯ ಈ ಸುಬಾಂಗ್ ಜಯಾಕ್ಕೆ ಬಂದವಳು ಈ ಲಾಕ್‌ಡೌನಿನಲ್ಲಿ ಸಿಕ್ಕಿಕೊಂಡೆ. ಕೆಳಗಿನ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ ಕುರ್ಚಿಗಳನ್ನು ಕವುಚಿಟ್ಟು ಮನೆಗೆ ಒಯ್ಯುವ ತಪಾವ್ ಪೊಟ್ಟಣ ಮಾತ್ರ ಕಟ್ಟಿಕೊಡುತ್ತಾರೆ. ಎಲ್ಲರ ಬಾಗಿಲೂ ಮುಚ್ಚಿದೆ. ನನಗೆ ಕಬ್ಬು ಕಚ್ಚುವ ಹಲ್ಲಿಲ್ಲ, ಆ ಎತ್ತರದ ಸ್ವರಕ್ಕೆ ಉಸಿರಿಲ್ಲ, ಹಾಡಿನ ಅರ್ಧ ಮರೆತುಹೋಗಿದೆ.

ಉಳಿದರ್ಧವನ್ನು ನಾಳೆ ಸಂಜೆ ಬಾಲ್ಕನಿಯಲ್ಲಿ ನಿಂತು ಹಾಡುತ್ತೇನೆ. ಎದುರು ಮನೆಯ ತಮಿಳು ಅಮ್ಮ ನಕ್ಕರೆ ನಗಲಿ. ದನಿ ಒಡೆಯುವುದಂತೂ ಖಂಡಿತ. ಆಗ ನೀನು ನನ್ನ ಪಕ್ಕ ಬಂದು ನಿಲ್ಲು, ರಿಯಾ. ಇಬ್ಬರೂ ಮೊದಲಿನಿಂದ ಶುರು ಮಾಡೋಣ.