ನಡುಗಡ್ಡೆ ನೀಲಾವತಿ ಹಾಡಿದ ಬೀಗರ ಹಾಡು

ಹಚ್ಚೊಳ್ಳಿಯ ನೀಲಾವತಿ ಹಡಗಿನ ಮೇಲೆ ಕೂತು ಹಾಡು ಕಟ್ಟಿದವಳು ಎಂದರೆ ಹೊಸಬರು ನಗುತ್ತಾರೆ. ಕಾಲುವೆ ನೀರು ಬಿಟ್ಟು ಬೇರೆ ನೀರು ಕಾಣದ ಊರಿನ ಹೆಂಗಸಿಗೆ ಹಡಗೆಲ್ಲಿ ಬಂತು? ಆದರೆ ಸುಳ್ಳಲ್ಲ. ಮದುವೆಯಾದ ಹೊಸತರಲ್ಲಿ ಗಂಡ ಮಾರೇಶನ ಜೊತೆ ಗಾರೆ ಕೆಲಸಕ್ಕೆಂದು ಮದ್ರಾಸಿನಲ್ಲಿ ಹಡಗು ಹತ್ತಿ ಅಂಡಮಾನಿನ ಕಡೆ ಹೋದವಳು ಆಕೆ. ಕರೆದುಕೊಂಡು ಹೋದವನು ಬಳ್ಳಾರಿಯ ಎರ್ರಣ್ಣ ಮೇಸ್ತ್ರಿ. ಹಡಗಿನಲ್ಲಿ ಮಂದಿಯೆಲ್ಲ ವಾಂತಿ ಮಾಡಿಕೊಂಡು ಬಿದ್ದಿದ್ದರೆ ಮಾರೇಶ ಕಂಬಿ ಹಿಡಿದು ನಿಂತು, "ನೋಡಬೇ ನೀಲಾ, ಮೀನಕ್ಕ ರೆಕ್ಕಿ ಬಂದಾವು!" ಎಂದು ಕೂಗುತ್ತಿದ್ದ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದು, ಹಾಡಿನಲ್ಲಾದರೆ ಹೇಳಬಹುದು. ಆಕೆ ಹೇಳಿದಳು:

ನೀಲಿ ನೀರಿನ ಮ್ಯಾಲ ತೇಲೈತಿ ನಮ ಹಡಗ
ತೆಂಗಿನ ನಡುಗಡ್ಡಿ ಕರದೈತಿ, ಮಾರೇಶ
ಕೈಹಿಡಿದ ನಡಿಯೊ ದಂಡೀಗೆ

ಆ ದಂಡೆಯಲ್ಲೇ ಮಾರೇಶನನ್ನು ಮಣ್ಣು ಮಾಡಿದರು. ಜ್ವರದಲ್ಲಿ ಕೆಂಡದಂತೆ ಸುಡುತ್ತಿದ್ದವನನ್ನು ಎರ್ರಣ್ಣ ಬೈದು ಬೈದು, ಗಳ ಕಟ್ಟಿ ನಿಲ್ಲಿಸಿದ ಸಾರವೆಯ ಮೇಲೆ ಹತ್ತಿಸಿದ್ದ. ಮೇಲೆ ಹೋದವನು ತಲೆ ತಿರುಗಿ ಬಿದ್ದ. ಊರಿಗೆ ಬಂದ ಎರ್ರಣ್ಣ, "ಕುಡಿದು ಹತ್ತಿದ್ದ, ನಾ ಏನ್ ಮಾಡ್ಲಿ?" ಎಂದುಬಿಟ್ಟ. ಊರು ಮೇಸ್ತ್ರಿಯ ಮಾತು ನಂಬಿತು. ಹೆಂಡತಿಯ ಮಾತು ಯಾರಿಗೆ ಬೇಕು, ಗಂಡನ ಪರ ಹೇಳದೆ ಇನ್ನೇನು ಹೇಳ್ಯಾಳು ಅಂದರು. ಅಂದಿನಿಂದ ಆಕೆ ಕುಡುಕನ ನೀಲವ್ವ.

ಸಿರುಗುಪ್ಪದ ಸುತ್ತ ಭತ್ತದ ನಾಟಿಗೆ ಹೋದಲ್ಲೆಲ್ಲ ಆಕೆ ಆ ಹಾಡು ಹೇಳಿದಳು, ಬಗ್ಗಿದ ಹೆಂಗಸರು ಸೊಲ್ಲು ಹಿಡಿದರು. ಸಿಟ್ಟನ್ನು ಮಾತ್ರ ಯಾರಿಗೂ ತೋರಿಸಲಿಲ್ಲ. ಉಪ್ಪಿನಕಾಯಿ ಹಾಕಿದಂತೆ ಒಳಗಿಟ್ಟು ಬಾಯಿ ಕಟ್ಟಿದಳು.

ಈ ಬೇಸಿಗೆಯಲ್ಲಿ ಕುರುಗೋಡಿನಿಂದ ತಂಗಿ ಕೊಟ್ರಬಸಮ್ಮ ಬಂದಳು. ಮಗಳು ಸರೋಜಾ ಬಳ್ಳಾರಿಯ ಬಟ್ಟೆ ಅಂಗಡಿಯಲ್ಲಿ ಜೊತೆಗೆ ಕೆಲಸ ಮಾಡುವ ಹುಡುಗನನ್ನು ಮೆಚ್ಚಿದ್ದಾಳೆ, ಅವನು ಎರ್ರಣ್ಣನ ಮಗ ಎಂದು ನೆಲ ನೋಡುತ್ತ ಹೇಳಿದಳು.

"ಅಕ್ಕಾ, ನೀ ಬ್ಯಾಡಂದ್ರ ಬಿಟ್ಬಿಡ್ತೀನಿ."

"ಹುಡುಗ ಏನ್ ಮಾಡ್ಯಾನ ಪಾಪ? ಕೊಡು. ಬೀಗರ ಹಾಡು ಮಾತ್ರ ನಂದು."

ಕೊಟ್ರಬಸಮ್ಮ ತಟ್ಟನೆ ತಲೆ ಎತ್ತಿದಳು. "ಮದುವಿ ಕೆಡಸ್ತೀಯೇನಬೇ?"

"ಮದುವಿ ಅಲ್ಲ, ಅವನ ಮಾನ. ನನ್ನ ಗಂಡ ಬಿದ್ದಾಗ ಬಿರುಗಾಳಿಗೆ ನಡುಗಡ್ಡಿಗೆ ಬೋಟ ಬರೋದು ನಿಂತಿತ್ತು. ಗಂಜಿಗೆ ಉಪ್ಪಿದ್ದಿಲ್ಲ, ಹೆಂಡ ಎಲ್ಲಿಂದ ಬರತೈತಿ? ನಮ್ಮ ಕಡಿಯಿಂದ ಇದ್ದವರು ನಾವು ಮೂವರ. ಒಬ್ಬ ಸತ್ತ. ನನ್ನ ಮಾತು ಯಾರಿಗೂ ಬ್ಯಾಡ. ಆ ಮಾತು ಅವನ ಬಾಯಿಂದ ಬರಬೇಕು."

ನಮ್ಮ ಕಡೆ ಪದ್ಧತಿ ಗೊತ್ತಲ್ಲ. ಗಂಡಿನವರು ಪಂಕ್ತಿಗೆ ಕೂತಾಗ ಹೆಣ್ಣಿನ ಕಡೆಯ ಹೆಂಗಸರು ಬೈದು ಹಾಡುತ್ತಾರೆ. ಕಳ್ಳ ಅನ್ನಲಿ, ಕುಡುಕ ಅನ್ನಲಿ, ಬೀಗ ನಗಬೇಕು, ಇಲ್ಲವೆ ತಿರುಗಿ ಉತ್ತರ ಕೊಡಬೇಕು. ಎಲೆ ಬಿಟ್ಟು ಎದ್ದನೋ, ಸೋತ, ಮದುವೆಗೂ ಅಪಶಕುನ.

ಕುರುಗೋಡಿನ ಮದುವೆಯಲ್ಲಿ ನೀಲಾವತಿ ಮೊದಲು ಎರ್ರಣ್ಣನ ಹೊಟ್ಟೆಯನ್ನು ಹಾಡಿದಳು, ಬಣ್ಣ ಹಚ್ಚಿದ ಮೀಸೆಯನ್ನು ಹಾಡಿದಳು. ಪಂಕ್ತಿ ನಕ್ಕಿತು. "ಹಾಡಿಗೆ ಹೊಟ್ಟಿ ತುಂಬಂಗಿಲ್ಲ ಬೀಗ್ತಿ, ಹೋಳಿಗಿ ತರಸು!" ಎಂದು ಅವನೂ ನಕ್ಕ. ಆಗ ಆಕೆ ಹಡಗಿನ ಹಾಡಿನ ಧಾಟಿ ಹಿಡಿದಳು:

ಆಳು ಬಿದ್ದಾ ದಿನ ಮೇಸ್ತ್ರೀನು ಕುಡಿದಿದ್ದ
ಹಗ್ಗ ಯಾವುದು ಗಳ ಯಾವುದು ತಿಳೀದಾಂಗ
ಸಾರವಿ ಕಟ್ಟಿದ ಬೀಗಣ್ಣ

ಎರ್ರಣ್ಣನ ಪಕ್ಕದಲ್ಲಿ ಬಳ್ಳಾರಿಯಲ್ಲಿ ಅವನ ಕೈಯಿಂದ ಮನೆ ಕಟ್ಟಿಸುತ್ತಿದ್ದ ಸಾವ್ಕಾರ ಕೂತಿದ್ದ. "ಏನ್ ಮೇಸ್ತ್ರಿ, ನಮ್ಮನಿ ಸಾರವಿನೂ ಹಂಗ ಕಟ್ಟೀಯೇನು?" ಎಂದ.

ಎರ್ರಣ್ಣನ ಮೂಗಿನ ತುದಿಗೆ ಸಿಟ್ಟು ಬಂತು. "ಸುಳ್ಳದು! ಆ ನಡುಗಡ್ಡ್ಯಾಗ ಹೆಂಡ ಎಲ್ಲಿತ್ತು? ಬೋಟ ಬಂದಿದ್ದಿಲ್ಲ! ಅವತ್ತು ಯಾರೂ ಒಂದು ತೊಟ್ಟು ಕುಡದಿದ್ದಿಲ್ಲ!"

ನೀಲಾವತಿ ಹಾಡು ನಿಲ್ಲಿಸಿದಳು. "ಯಾರೂ?"

"ಯಾರೂ!" ಅಂದ. ಅಂದಮೇಲೆ ಅವನ ಕೈ ಎಲೆಯ ಮೇಲೆ ಹಾಗೇ ನಿಂತಿತು.

"ಹಂಗಾರ ನನ್ನ ಗಂಡ ಏನ್ ಕುಡಿದು ಬಿದ್ದ, ಬೀಗಣ್ಣಾ? ಸಮುದ್ರದ ನೀರೇನು?"

ಎರ್ರಣ್ಣ ಏಳಲು ನೆಲಕ್ಕೆ ಕೈ ಊರಿದ. "ಏಳಬ್ಯಾಡಪಾ. ಮಗನ ಸಂಸಾರಕ್ಕ ಚಲೋ ಅಲ್ಲ," ಎಂದಳು ಆಕೆ, ಬಹಳ ಮೆತ್ತಗೆ.

ಎದುರು ಸಾಲಿನಿಂದ ಅವನ ಸ್ವಂತ ತಂಗಿ ಈರಮ್ಮ ಕೇಳಿದಳು, "ಹೇಳಣ್ಣಾ, ಏನಾಗಿತ್ತು?"

"ಜ್ವರ ಇತ್ತು ಅವನಿಗೆ. ನಾನ ಹತ್ತಿಸಿದೆ."

"ಗಟ್ಟ್ಯಾಗಿ ಹೇಳು. ಹಿಂದಿನ ಸಾಲಿಗೆ ಕೇಳವಲ್ದು," ಎಂದಳು ನೀಲಾವತಿ.

ಹೇಳಿದ. ಆಮೇಲೆ ಕೈ ಜೋಡಿಸಿ, "ತಪ್ಪಾತಬೇ, ಬಿಟ್ಟುಬಿಡು," ಎಂದ.

"ಆ ಮಾತು ನೀನ ಇಟ್ಕೋ. ನನಗ ಬೇಕಾದ್ದು ಬಂತು."

ಆಕೆ ಅವನ ಎಲೆಯ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು. ಹಡಗಿನ ಹಾಡನ್ನು ಮೊದಲಿನಿಂದ ಎತ್ತಿದಳು. ಮಾರೇಶನ ಹೆಸರು ಬಂದಾಗ ಈರಮ್ಮ ಸೊಲ್ಲು ಹಿಡಿದಳು, ಅವಳ ಹಿಂದೆ ಗಂಡಿನ ಕಡೆಯ ಹೆಂಗಸರೆಲ್ಲ ಹಿಡಿದರು. ಎರ್ರಣ್ಣ ತಲೆ ತಗ್ಗಿಸಿದಾಗಲೆಲ್ಲ ನೀಲಾವತಿ ಸುಮ್ಮನಾಗುತ್ತಿದ್ದಳು. ಅವನು ತಲೆ ಎತ್ತುವ ತನಕ ಕಾದು, ಅದೇ ಸೊಲ್ಲನ್ನು ಮತ್ತೆ ಮೊದಲಿನಿಂದ ಹಾಡುತ್ತಿದ್ದಳು.