ಸವಣೂರಿನಿಂದ ತಂದ ಟೆನರ್ ಸ್ಯಾಕ್ಸೋಫೋನು

ಮುಂಜಾನೆ ಏಳಕ್ಕೆ ಹಾನಗಲ್ಲು ಬಿಟ್ಟ ಇದ್ದಿಲಿನ ಬಸ್ಸು ಶಿಗ್ಗಾವಿ ಮುಟ್ಟಿದ್ದು ಹತ್ತೂವರೆಗೆ. ಯುದ್ಧದ ಕಾಲ, ಪೆಟ್ರೋಲು ಸಿಗುತ್ತಿರಲಿಲ್ಲ. ಏರು ಬಂದಲ್ಲೆಲ್ಲ ಇಳಿದು ನೂಕಿದೆವು. ಟಿಕೀಟಿಗೆ ದುಡ್ಡೂ ಕೊಟ್ಟು ಮೈಯನ್ನೂ ಮುರಿದುಕೊಂಡೆ. ಶಿಗ್ಗಾವಿಯಲ್ಲಿ ಅವಲಕ್ಕಿ ತಿಂದು, ಇನ್ನೊಂದು ಬಸ್ಸಿಗೆ ನಾಲ್ಕಾಣೆ ತೆತ್ತು, ಮಧ್ಯಾಹ್ನ ಸವಣೂರು ಸೇರಿದೆ.

ನಾನು ನಾಟಕ ಕಂಪನಿಯ ಪೇಟಿ ಮಾಸ್ತರ, ಹಾರ್ಮೋನಿಯಂ ನುಡಿಸುವವ. ಅಷ್ಟಿಷ್ಟು ಕೊಳಲೂ ಬಲ್ಲೆ. ನಮ್ಮ ಮುಖ್ಯ ನಟ ಹಾಡುವುದು ಕರಿ ಐದರಲ್ಲಿ, ಅಂದರೆ ಪೇಟಿಯ ಐದನೆಯ ಕರಿ ಮನೆಯ ಶ್ರುತಿಯಲ್ಲಿ. ಅವನ ದನಿಗೆ ಪೇಟಿ ಸಾಲದು, ಸ್ಯಾಕ್ಸೋಫೋನು ತಾರದೆ ಬರಬೇಡಿರಿ ಎಂದು ಮಾಲಕರು ಕಳಿಸಿದ್ದರು. ಸವಣೂರಿನ ಖಾದರಸಾಬರ ಹತ್ತಿರ ಒಂದಿತ್ತು. ದಂಡಿನ ಬ್ಯಾಂಡಿನಲ್ಲಿ ಇಪ್ಪತ್ತು ವರ್ಷ ಊದಿದವರು, ಮುಂದಿನ ಹಲ್ಲು ಬಿದ್ದ ಮೇಲೆ ಬಿಟ್ಟಿದ್ದರು. ದರ ಪತ್ರದಲ್ಲೇ ಮುಗಿದಿತ್ತು.

ನನ್ನ ಹಣೆಯ ಅಂಗಾರ-ಅಕ್ಷತೆ ನೋಡಿ, ಮಡಿಯ ಬ್ರಾಹ್ಮಣನೆಂದು ತಿಳಿದು, ಅವರು ಚಹಾದ ಮಾತೆತ್ತಲಿಲ್ಲ. ತೋಟದ ಎಲೆ, ಅಡಿಕೆ ಮುಂದಿಟ್ಟು ಪೆಟ್ಟಿಗೆ ತೆರೆದರು. ಬಾಗಿದ ಕತ್ತಿನ ಹಿತ್ತಾಳೆ ಕೊಳವೆ, ಕೆಳಗೆ ಅಗಲವಾದ ಬಾಯಿ, ಮೈತುಂಬ ಗುಂಡಿ, ತೂತು ಮುಚ್ಚಲು ಚರ್ಮದ ಬಿಲ್ಲೆಗಳು.

"ಹಿತ್ತಾಳಿದಾದ್ರೂ ಇದು ಕಹಳಿ ಜಾತಿ ಅಲ್ರಿ, ಕೊಳಲ ಜಾತಿ" ಎಂದರು. "ನೂರು ವರ್ಷದ ಹಿಂದ ಬೆಲ್ಜಿಯಂದಾಂವ ಒಬ್ಬ ಮಾಡಿದ್ದು. ನಾದ ಹುಟ್ಟೂದು ಈ ಜೊಂಡಿನ ಪಟ್ಟ್ಯಾಗ. ಇದಕ್ಕಿಂತ ಸಣ್ಣಾವು ಹೆಣ್ಣು ದನಿ, ಟೆನರ್ ಗಂಡು ದನಿ. ಇದರ ಷಡ್ಜ ನಿಮ್ಮ ಪೇಟಿಯ ಕರಿ ಐದು."

ಹಿತ್ತಾಳೆಯ ತೂಕಕ್ಕೆ ಕೇಳಲು ಬಂದ ಇಬ್ಬರನ್ನು ಅವರು ಬರಿಗೈಯಲ್ಲಿ ಕಳಿಸಿದ್ದರಂತೆ.

"ಊದಿ ತೋರಿಸಿದವ್ರಿಗೆ ಕೊಡ್ತೇನಿ. ಊದ್ರಿ ಮಾಸ್ತರ."

ಬಾಯಿಗೆ ಹಿಡಿಯುವ ಕರಿ ತುಂಡಿನ ಮೇಲೆ ಅವರ ಹಲ್ಲು ಊರಿ ಎರಡು ಕುಳಿ ಬಿದ್ದಿದ್ದವು. ನಾನೋ, ಒಡಹುಟ್ಟಿದ ತಮ್ಮನ ಎಂಜಲು ಲೋಟವನ್ನೂ ಮುಟ್ಟದವನು. ಬರಿಗೈಯಲ್ಲಿ ಹೋದರೆ ಮಾಲಕರು ಬಿಡುವಂತಿರಲಿಲ್ಲ. ಕಣ್ಣು ಮುಚ್ಚಿ ಬಾಯಿಗಿಟ್ಟೆ. ಮೊದಲು ಎಮ್ಮೆ ಕರು ಒದರಿದಂತಾಯಿತು. ಮೂರನೆಯ ಸಲ ಸ್ವರ ನಿಂತಿತು, ನನ್ನ ಎದೆಯೆಲುಬೂ ನಡುಗಿತು. ಅಂಥ ಸುಖ ಪೇಟಿ ನನಗೆ ಎಂದೂ ಕೊಟ್ಟಿರಲಿಲ್ಲ. ಖಾದರಸಾಬರು ಕಣ್ಣೊರೆಸಿಕೊಂಡು "ಒಯ್ರಿ" ಎಂದರು.

ಬಸ್ಸಿನ ದಾರಿಯಲ್ಲಿ ಒಂದು ಬಾವಿ ಸಿಕ್ಕಿತು. ಪೆಟ್ಟಿಗೆ ಇಳಿಸಿ, ನೀರು ಸೇದಿ, ಬಾಯಿ ಮುಕ್ಕಳಿಸಿದೆ. ಮನಸ್ಸು ಒಪ್ಪದೆ ಮತ್ತೆ ಮತ್ತೆ ಮುಕ್ಕಳಿಸಿದೆ. ತಿರುಗಿದರೆ ಖಾದರಸಾಬರು ಏದುಸಿರು ಬಿಡುತ್ತ ನಿಂತಿದ್ದರು, ಕೈಯಲ್ಲೊಂದು ಸಣ್ಣ ಡಬ್ಬಿ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ನಾಚಿಕೆಯಿಂದ ನನಗೆ ತಲೆಯೆತ್ತಲಾಗಲಿಲ್ಲ.

"ಜೊಂಡಿನ ಪಟ್ಟಿ ಮರತು ಬಂದ್ರಿ" ಎಂದು ಡಬ್ಬಿಯನ್ನು ನನ್ನ ಕೈಗೆ ಕೊಡದೆ ಬಾವಿಕಟ್ಟೆಯ ಮೇಲೆ ಇಟ್ಟರು. "ಹೊಸಾವು ಅದಾವ್ರಿ. ಇನ್ನೂ ಯಾರ ಬಾಯಿಗೂ ಹತ್ತಿಲ್ಲ."