ಅವಳು ತಿನ್ನದ ರೊಟ್ಟಿ

ನಮ್ಮ ಕ್ರೈಸ್ತ ಸಭೆಯಲ್ಲಿ ಯೇಸುವಿನ ನೆನಪಿಗೆ ಹಂಚುವ ಕರ್ತನ ಭೋಜನದ ರೊಟ್ಟಿಯನ್ನು ನನ್ನ ಹೆಂಡತಿಯೇ ಮಾಡುತ್ತಿದ್ದಳು. ಮೂರು ತಿಂಗಳಿಗೊಮ್ಮೆ ಮೈಸೂರಿನಿಂದ ಪಾದ್ರಿಗಳು ಬರುವ ಭಾನುವಾರ ಬೆಳಿಗ್ಗೆ ಎದ್ದು ಗೋಧಿ ಹಿಟ್ಟು ನಾದಿ, ದಪ್ಪಗೆ ತಟ್ಟಿ, ಹೆಂಚಿನ ಮೇಲೆ ಬೇಯಿಸಿ, ಒಗೆದ ಬಿಳಿ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಡುವಳು. ಕೊನೆಯ ಏಳು ವರ್ಷ ಅದರ ಒಂದು ಚೂರನ್ನೂ ಅವಳು ಬಾಯಿಗಿಡಲಿಲ್ಲ. ಅದಕ್ಕೆ ಕಾರಣ ನಾನು. ಆ ಸಂಗತಿ ಅವಳಿಗೆ ಗೊತ್ತಿರಲಿಲ್ಲ.

ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ದಾರಿಯಲ್ಲಿ ನಮ್ಮ ಊರು. ಕ್ರೈಸ್ತರ ಮನೆಗಳು ಹದಿನಾಲ್ಕು. ವಾರದ ದಿನಗಳಲ್ಲಿ ಮಕ್ಕಳ ಪಾಠ ನಡೆಯುವ ಹೆಂಚಿನ ಕೋಣೆಯೇ ಭಾನುವಾರ ನಮಗೆ ದೇವಾಲಯ. ನಾನು ಹುಣಸೂರಿನ ಮರದ ಡಿಪೋದಲ್ಲಿ ದಿಮ್ಮಿಗಳಿಗೆ ನಂಬರು ಹೊಡೆಸುವ ಕೆಲಸದಲ್ಲಿದ್ದೆ. ಮಿಷನ್ ಶಾಲೆಯಲ್ಲಿ ನಾಲ್ಕಕ್ಷರ ಕಲಿತಿದ್ದೆನೆಂದು ನನ್ನನ್ನು ಸಭೆಯ ಹಿರಿಯನನ್ನಾಗಿ ಮಾಡಿದರು. ಹಾಗೆ ಮಾಡಿ ಒಂದು ತಿಂಗಳೂ ಆಗಿರಲಿಲ್ಲ.

ಹೆಗ್ಗಡದೇವನಕೋಟೆಯ ಕಾಡಿನಿಂದ ದಿಮ್ಮಿಯ ಗಾಡಿಗಳ ಜೊತೆ ಬರುತ್ತಿದ್ದ ಒಂದು ಬೆಳಿಗ್ಗೆ ನಮ್ಮ ಕೇರಿಯ ಹೆಂಗಸೊಬ್ಬಳನ್ನು ಮಾರಿಗುಡಿಯ ಮುಂದೆ ಕಂಡೆ. ಗಂಡ ಸತ್ತವಳು. ಕಾಫಿ ಕಾರ್ಖಾನೆಯಲ್ಲಿ ಬೀಜ ಆರಿಸುವ ಕೂಲಿ. ಹತ್ತು ವರ್ಷದ ಅವಳ ಒಬ್ಬಳೇ ಮಗಳಿಗೆ ಸಿಡುಬು ಎದ್ದು ಹನ್ನೊಂದು ದಿನವಾಗಿತ್ತು. ಕ್ರೈಸ್ತರಾಗದ ಅವಳ ತವರಿನವರು ತಂಬಿಟ್ಟು, ಬೇವಿನ ಸೊಪ್ಪು ತಂದಿದ್ದರು. ಆರತಿಯ ತಟ್ಟೆ ಅವಳ ಕೈಯಲ್ಲಿತ್ತು. ನನ್ನನ್ನು ನೋಡಿದಳು. ತಟ್ಟೆಯನ್ನು ಮರೆಮಾಡಲಿಲ್ಲ, ಮುಖ ತಿರುಗಿಸಲೂ ಇಲ್ಲ.

ಅಂದೇ ಸಂಜೆ ನಾನು ಹೋಗಿ, ಪಾದ್ರಿಗಳಿಲ್ಲದ ವಾರಗಳಲ್ಲಿ ಸಭೆ ನಡೆಸುವ ನಮ್ಮ ಉಪದೇಶಿಗಳಿಗೆ ಹೇಳಿದೆ. ಯಾರೂ ನನ್ನನ್ನು ಕೇಳಿರಲಿಲ್ಲ. ಹೊಸ ಹಿರಿಯ ಕಣ್ಣಿಟ್ಟು ಕೆಲಸ ಮಾಡುತ್ತಾನೆ ಎನ್ನಿಸಿಕೊಳ್ಳುವ ಆಸೆ ಇತ್ತು, ಅಷ್ಟೆ. ನನ್ನ ಹೆಸರು ಹೊರಗೆ ಬರಬಾರದೆಂದೂ ಕೇಳಿಕೊಂಡೆ. ಅವರು ಆ ಮಾತು ಉಳಿಸಿದರು.

ಮಗು ಬದುಕಿತು. ಸತ್ತಿದ್ದರೆ ನಾವೆಲ್ಲ ಅತ್ತು ಸುಮ್ಮನಾಗುತ್ತಿದ್ದೆವು. ಬದುಕಿದ್ದರಿಂದ ಮಾರಿಯೇ ಉಳಿಸಿದಳೆಂದು ಊರಿನವರು ಆಡಿಕೊಳ್ಳತೊಡಗಿದರು. ಸಭೆಗೆ ಅದನ್ನು ನುಂಗಲಾಗಲಿಲ್ಲ. ಎಲ್ಲರೆದುರು ತಪ್ಪಾಯಿತೆಂದು ಹೇಳುವವರೆಗೆ ಅವಳಿಗೆ ಭೋಜನವಿಲ್ಲ ಎಂದು ತೀರ್ಮಾನವಾಯಿತು. ಕೈ ಎತ್ತಿದವರಲ್ಲಿ ನಾನೂ ಇದ್ದೆ.

ಅವಳು ನಿಂತುಕೊಂಡೇ ಕೇಳಿದಳು: "ಮಗಾ ಉಳೀಲಿ ಅಂತ ತಟ್ಟೆ ಇಡ್ಕಂಡೆ. ಅದು ತಪ್ಪು ಅಂತ ಎಂಗೆ ಯೋಳ್ಲಿ? ಯೋಳುದ್ರೆ ಸುಳ್ಳಾಯ್ತದೆ. ದೇವ್ರ ಮುಂದೆ ಸುಳ್ ಯೋಳು ಅಂತೀರಾ?"

ತೀರ್ಮಾನ ಬದಲಾಗಲಿಲ್ಲ. ಅವಳು ಸಭೆ ಬಿಡಲಿಲ್ಲ. ಬಾಗಿಲ ಪಕ್ಕದ ಬರೀ ನೆಲದ ಮೇಲೆ ಕೂರತೊಡಗಿದಳು.

ಮುಂದಿನ ಭೋಜನದ ಭಾನುವಾರ ನಾನು ತಟ್ಟೆ ಹಿಡಿದು ಪಾದ್ರಿಗಳ ಪಕ್ಕದಲ್ಲಿ ನಿಂತಿದ್ದೆ. ಹೆಂಗಸರು ಒಬ್ಬೊಬ್ಬರಾಗಿ ಬಂದು ಮೊಣಕಾಲೂರಿದರು. ನನ್ನ ಹೆಂಡತಿ ಬರಲಿಲ್ಲ. ತಲೆಯೆತ್ತಿ ನೋಡಿದರೆ ಮುಂದಿನ ಚಾಪೆಯಲ್ಲಿ ಅವಳಿರಲಿಲ್ಲ. ಬಾಗಿಲ ಹತ್ತಿರ ಆ ಹೆಂಗಸಿನ ಪಕ್ಕದಲ್ಲಿ, ಮಣ್ಣಿನ ನೆಲದ ಮೇಲೆ, ಸೆರಗು ಹೊದ್ದು ಕೂತಿದ್ದಳು.

ಮನೆಗೆ ಬಂದು ಗದರಿದೆ. "ಹಿರಿಯನ ಹೆಂಡತಿ ನೀನು. ನಾಲ್ಕು ಜನ ಏನಂದುಕೊಳ್ಳುತ್ತಾರೆ?"

"ಅಂದ್ಕೊಳ್ಳಿ ಬುಡಿ. ಅವಳಿಗಿಲ್ದೆ ಇದ್ದುದ್ದು ನನಗೂ ಬ್ಯಾಡ ಕಣ್ರೀ."

"ಹಾಗಾದರೆ ರೊಟ್ಟಿ ಮಾಡುವುದನ್ನೂ ಬಿಟ್ಟುಬಿಡು."

"ಅದ್ಯಾಕೆ ಬುಡ್ಲಿ? ಅದು ನನ್ನ ಕೆಲ್ಸ. ತಿನ್ನಾದು ನಿಮ್ಮ ಕೆಲ್ಸ. ಯೋಳಿ ಮತ್ತೆ, ಇವತ್ತಿನ ರೊಟ್ಟಿ ಎಂಗಿತ್ತು?"

ನಗುತ್ತಲೇ ಕೇಳಿದಳು. ನಗುವಿನ ಹಿಂದೆ ಹಟ ಇತ್ತು. ಚೆನ್ನಾಗಿತ್ತು ಎಂದೆ. ಅಂದಿನಿಂದ ಪ್ರತಿ ಭೋಜನದ ದಿನವೂ ಈ ಪ್ರಶ್ನೆ ತಪ್ಪಲಿಲ್ಲ. ನನ್ನದೂ ಅದೇ ಉತ್ತರ.

ಒಮ್ಮೆ ರಾಗಿ ಕೇರುತ್ತಾ ಕೂತಿದ್ದವಳು ಮೊರ ನಿಲ್ಲಿಸಿ ಕೇಳಿದಳು: "ಅಲ್ಲಾ, ಆ ವಿಷ್ಯ ಉಪದೇಶಿಗಳ ಕಿವಿಗೆ ಆಕಿದ್ದು ಯಾರು ಅಂತ ನಿಮಗೇನಾರ ಗೊತ್ತಾ?"

"ಯಾರೋ ಗಾಡಿಯವರಿರಬೇಕು" ಎಂದೆ.

"ಯಾರಾರ ಆಗ್ಲಿ, ಒಂದ್ ಮಾತು ಅವಳನ್ನ ಕೇಳಿ ಯೋಳ್ಬೌದಾಗಿತ್ತು" ಎಂದು ಮತ್ತೆ ಕೇರಲು ಶುರುಮಾಡಿದಳು. ಹೇಳಬೇಕಾಗಿದ್ದ ಹೊತ್ತು ಅದು. ಅವಳು ಕೇಳಿದ್ದಳು, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಎದ್ದು ಹೋಗಿ ಎತ್ತಿಗೆ ನೀರಿಟ್ಟೆ.

ಹಾಗೆ ಏಳು ವರ್ಷ ಕಳೆಯಿತು. ಕಳೆದ ಮುಂಗಾರಿನ ಕೊನೆಗೆ ಅವಳಿಗೆ ಚಳಿಜ್ವರ ಬಂತು. ಮೂರನೆಯ ದಿನ ಬಿಟ್ಟುಹೋದಳು. ಆ ಮೂರು ದಿನವೂ ಅವಳ ಕಾಲ ಬಳಿ ಕೂತಿದ್ದವಳು ಅದೇ ಹೆಂಗಸು. ಕಾರ್ಖಾನೆಯ ಕೂಲಿ ಬಿಟ್ಟು ಗಂಜಿ ಕಾಯಿಸಿದಳು, ಹಣೆಗೆ ಬಟ್ಟೆ ಹಾಕಿದಳು. ನನ್ನ ಜೊತೆ ಬೇಕಾದಷ್ಟೇ ಮಾತು. ಹೆಂಡತಿಗೆ ಪ್ರಜ್ಞೆ ಇದ್ದಾಗ ಎರಡು ಸಲ ಹೇಳಲು ಬಾಯಿ ತೆರೆದೆ. ಈ ಸ್ಥಿತಿಯಲ್ಲಿ ಅವಳ ಮನಸ್ಸು ಕದಡುವುದು ಬೇಡ ಎಂದುಕೊಂಡೆ. ಆ ನೆಪ ನನಗೆ ಅನುಕೂಲವಾಗಿಯೂ ಇತ್ತು.

ಆಮೇಲಿನ ಮನೆಯ ವಿಚಾರ ಹೆಚ್ಚು ಹೇಳುವುದಿಲ್ಲ. ಒಬ್ಬನಿಗೆ ಮುದ್ದೆ ತಿರುವಲು ಎಷ್ಟು ನೀರಿಡಬೇಕೆಂದು ತಿಳಿಯಲು ಎರಡು ತಿಂಗಳು ಬೇಕಾಯಿತು. ಡಿಪೋದಿಂದ ಬಂದರೆ ಬೀಗ ನಾನೇ ತೆಗೆಯಬೇಕು. ಅವಳ ಬಗ್ಗೆ ಯಾರಾದರೂ ಎರಡು ಮಾತಾಡಿದರೆ ಸಾಕೆನಿಸುತ್ತಿತ್ತು. ನನ್ನೆದುರು ಯಾರೂ ಆಡುತ್ತಿರಲಿಲ್ಲ.

ಮೂರನೆಯ ತಿಂಗಳು ಹಿರಿಯರು ಸೇರಿದಾಗ ಉಪದೇಶಿಗಳೇ ಮಾತೆತ್ತಿದರು. ತೀರಿಕೊಂಡ ನನ್ನ ಹೆಂಡತಿಯ ಮನಸ್ಸಿನಂತೆ ಆ ಹೆಂಗಸನ್ನು ಮತ್ತೆ ಭೋಜನಕ್ಕೆ ಸೇರಿಸಿಕೊಳ್ಳೋಣ, ತಪ್ಪೊಪ್ಪಿಗೆಯೂ ಬೇಡ ಎಂದರು. ಎಲ್ಲರೂ ಒಪ್ಪಿದರು. ಹೋಗಿ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು.

ಅವಳು ಗುಡಿಸಲ ಮುಂದೆ ಅವರೆಕಾಯಿ ಸುಲಿಯುತ್ತಿದ್ದಳು. ಮಗಳನ್ನು ಕೃಷ್ಣರಾಜನಗರದ ಕಡೆಗೆ ಕೊಟ್ಟಾಗಿತ್ತು, ಇವಳೂ ಒಂಟಿ. ನಾನು ಹೇಳಿದ್ದನ್ನೆಲ್ಲ ಕೇಳಿ, ಕಾಯಿ ಸುಲಿಯುತ್ತಲೇ ಅಂದಳು:

"ಅಂದ್ರೆ ಅಕ್ಕೋರು ಸಾಯ್ಬೇಕಾಗಿತ್ತು ನನ್ನ ಒಳೀಕ್ ಬುಡಾಕೆ."

ಇನ್ನೊಂದು ಕಾಯಿ ಎತ್ತಿಕೊಂಡಳು.

"ಆವತ್ತು ಮಾರಿಗುಡಿ ತಾವ ನನ್ನ ನೋಡ್ದೋರು ನೀವೊಬ್ರೇ ಅಣ್ಣಯ್ಯ. ಗಾಡಿಯೋರು ಬೇರೆ ಊರೋರು, ನಾನ್ಯಾರು ಅಂತ ಅವ್ರಿಗೇನ್ ಗೊತ್ತು?"

"ನಿನಗೆ ಗೊತ್ತಿತ್ತಾ?" ಎಂದೆ.

"ಗೊತ್ತಿಲ್ದೆ ಏನು."

"ಅವಳಿಗೆ ಹೇಳಲಿಲ್ಲವಲ್ಲಾ."

"ಏಳು ವರ್ಸ ಮಗ್ಗುಲಾಗೆ ಕುಂತಿದ್ರು. ನಾಲಿಗೆ ತುದೀಗೆ ಎಷ್ಟೋ ಸಲ ಬಂದಿತ್ತು. ಯೋಳಿದ್ರೆ ಅವ್ರು ನಿಮ್ಮನೇಲಿ ಎಂಗೆ ಇರ್ತಿದ್ರು? ಅದ್ಕೇ ನುಂಗ್ಕಂಡೆ." ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದಳು. "ನೀವು ಸಭೇಲಿ ಎದ್ದು ನಿಂತ್ಕಂಡು ಯೋಳಿ, ನಾನೇ ಯೋಳಿದ್ದು ಅಂತ. ಯೋಳುದ್ರೆ ಬತ್ತೀನಿ. ಇಲ್ದಿದ್ರೆ ನಿಮ್ ರೊಟ್ಟಿ ನಿಮಗೇ ಇರ್ಲಿ."

ಉಪದೇಶಿಗಳನ್ನು ಕೇಳಿದೆ. ಹಳೆಯದನ್ನು ಕೆದಕಬೇಡಿ, ದೇವರು ಬಲ್ಲ ಎಂದರು. ದೇವರು ಬಲ್ಲನೆಂಬುದೇ ಏಳು ವರ್ಷ ನನಗೆ ಮುಚ್ಚಿಟ್ಟುಕೊಳ್ಳಲು ಸಾಕಾಗಿತ್ತು. ಇನ್ನು ಸಾಕಾಗಲಿಲ್ಲ.

ಮುಂದಿನ ಭೋಜನದ ಭಾನುವಾರ ಪಾದ್ರಿಗಳು ತಟ್ಟೆಗೆ ಕೈ ಹಾಕುವ ಮೊದಲು ನಾನು ತಟ್ಟೆ ಹಿಡಿದೇ ಎದ್ದು ನಿಂತೆ. ಬರೆದುಕೊಂಡು ಹೋಗಿದ್ದೆ, ಓದಲಾಗಲಿಲ್ಲ. ನೋಡಿದವನು ನಾನು, ಹೇಳಿದವನು ನಾನು, ಹೆಂಡತಿ ಕೇಳಿದಾಗ ಸುಳ್ಳು ಹೇಳಿದವನೂ ನಾನು ಎಂದಷ್ಟೇ ಹೇಳಿದೆ. ಹಿರಿಯತನ ಬಿಟ್ಟಿದ್ದೇನೆ ಎಂದು ತಟ್ಟೆಯನ್ನು ಉಪದೇಶಿಗಳ ಕೈಗೆ ಕೊಟ್ಟು ಗೋಡೆ ಪಕ್ಕ ಕೂತೆ. ಹಿಂದಿನಿಂದ ಯಾರೋ ಮುದುಕಿ "ಅಯ್ಯೋ ಪುಣ್ಯಾತ್ಮ" ಎಂದಳು. ಕನಿಕರವೋ ಬೈಗುಳವೋ ತಿಳಿಯಲಿಲ್ಲ.

ಆ ಹೆಂಗಸು ಬಾಗಿಲ ಪಕ್ಕದಿಂದ ಎದ್ದು ಬಂದಳು. ಚಾಪೆಗಳ ನಡುವೆ ಹೆಂಗಸರು ಕಾಲು ಮಡಚಿಕೊಂಡು ದಾರಿ ಬಿಟ್ಟರು. ಮೊಣಕಾಲೂರಿ ಎರಡು ಕೈಯನ್ನೂ ಒಡ್ಡಿ ತಗೊಂಡಳು. ನಾನು ತಗೊಳ್ಳಲಿಲ್ಲ.

ಹೊರಗೆ ಬಂದಾಗ ಯಾರೂ ನನ್ನ ಹತ್ತಿರ ನಿಲ್ಲಲಿಲ್ಲ. ಅವಳೊಬ್ಬಳು ನಿಂತಿದ್ದಳು. ಇನ್ನು ಮೇಲೆ ಆಗಾಗ ಇವಳ ಗುಡಿಸಲ ಕಡೆ ಹೋಗಿ ಬರಬಹುದು, ನನ್ನ ಹೆಂಡತಿಯ ನಾಲ್ಕು ಮಾತು ಇಬ್ಬರೂ ಆಡಬಹುದು ಎಂದು ಮನಸ್ಸು ಆಸೆಪಟ್ಟಿತ್ತು. ಅದನ್ನು ಒಪ್ಪಿಕೊಳ್ಳುತ್ತೇನೆ.

"ಯೋಳುದ್ರಿ. ಸರಿ ಆಯ್ತು" ಎಂದಳು. "ಇನ್ ನಮ್ಮನೆ ಕಡೀಕ್ ಬರ್ಬ್ಯಾಡಿ ಅಣ್ಣಯ್ಯ. ಕ್ವಾಪ ಅಲ್ಲ. ನಿಮ್ಮನ್ನ ಕಂಡ್ರೆ ಅಕ್ಕೋರು ಗ್ಯಾಪಕ ಬತ್ತಾರೆ, ತಡ್ಕಳಾಕಾಗಾಕಿಲ್ಲ."

ಆಗಲಿ ಕಣವ್ವ ಎಂದೆ. ಕೇರಿಗೆ ಇಬ್ಬರದೂ ಒಂದೇ ದಾರಿ. ಅವಳು ಮುಂದೆ ಹೋಗಲೆಂದು ಮರದ ಕೆಳಗೆ ನಿಂತೆ. ತಿರುವಿನಲ್ಲಿ ಅವಳು ಮರೆಯಾಗಿ ಬಹಳ ಹೊತ್ತಾದ ಮೇಲೆ ನಡೆಯತೊಡಗಿದೆ.